ಕಂದೀಲು ಹಿಡಿದ ಆನೆಯ ಎರಡು ರೂಪಾಯಿ: ರೈಲ್ವೆ ಸ್ಮರಣಾರ್ಥ ನಾಣ್ಯವನ್ನು ಓದುವ ಬಗೆ

ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತಾರೆ ಎನ್ನುವ ವಿಡಿಯೊ ಮೊಬೈಲಿಗೆ ಬಂತೆಂದರೆ ದೇವರ ಮನೆಯ ಹುಂಡಿ, ಮಕ್ಕಳ ಮಣ್ಣಿನ ಕುಡಿಕೆ, ಅಡುಗೆಮನೆಯ ಸಾಸಿವೆ ಡಬ್ಬಿ ಎಲ್ಲವೂ ಒಮ್ಮೆ ಬರಿದಾಗುತ್ತವೆ. ಆ ರಾಶಿಯಲ್ಲಿ ಹನ್ನೊಂದು ಮೂಲೆಯ ಒಂದು ಎರಡು ರೂಪಾಯಿ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಒಂದು ಕಡೆ ಸಿಂಹಗಳ ಲಾಂಛನ, ಇನ್ನೊಂದು ಕಡೆ ಗಾರ್ಡಿನ ವೇಷ ತೊಟ್ಟು ಕೈಯಲ್ಲಿ ದೀಪ ಹಿಡಿದ ಪುಟ್ಟ ಆನೆ. ಇದು ಭಾರತೀಯ ರೈಲ್ವೆಗೆ 150 ವರ್ಷ ತುಂಬಿದ ನೆನಪಿಗೆ 2003ರಲ್ಲಿ ಬಂದ ನಾಣ್ಯ. ಇದಕ್ಕೆ ಬೆಲೆ ಎಷ್ಟು ಎನ್ನುವುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಸಿಗಬೇಕಾದರೆ ಇದು ಏನು, ಹೇಗೆ ತಯಾರಾಯಿತು, ಯಾವ ಸ್ಥಿತಿಯಲ್ಲಿದೆ ಎಂಬುದು ಮೊದಲು ತಿಳಿಯಬೇಕು.

ಸ್ಮರಣಾರ್ಥ ನಾಣ್ಯ ಎಂದರೇನು

ದಿನನಿತ್ಯದ ನಾಣ್ಯದ ವಿನ್ಯಾಸ ವರ್ಷಗಟ್ಟಲೆ ಹಾಗೇ ಇರುತ್ತದೆ, ಬದಲಾಗುವುದು ಇಸವಿ ಮಾತ್ರ. ಒಬ್ಬ ವ್ಯಕ್ತಿ, ಒಂದು ಸಂಸ್ಥೆ ಅಥವಾ ಒಂದು ಘಟನೆಯ ನೆನಪಿಗೆಂದು ಬೇರೆಯದೇ ವಿನ್ಯಾಸದಲ್ಲಿ ಹೊರಡಿಸಿದ್ದು ಸ್ಮರಣಾರ್ಥ ನಾಣ್ಯ. ಸ್ವತಂತ್ರ ಭಾರತದಲ್ಲಿ ಈ ಪದ್ಧತಿ ಶುರುವಾದದ್ದು 1964ರಲ್ಲಿ, ನೆಹರೂ ಅವರ ನೆನಪಿನ ಒಂದು ರೂಪಾಯಿ ಮತ್ತು 50 ಪೈಸೆಯಿಂದ.

ನಾಣ್ಯ ಹೊರಡಿಸುವ ಅಧಿಕಾರ ಇರುವುದು ಕೇಂದ್ರ ಸರ್ಕಾರಕ್ಕೆ. ಮುಖಬೆಲೆ, ಲೋಹ, ತೂಕ, ವ್ಯಾಸ, ಎರಡೂ ಬದಿಯ ಚಿತ್ರ, ಇಷ್ಟನ್ನೂ ರಾಜಪತ್ರದಲ್ಲಿ ಪ್ರಕಟಿಸಬೇಕು. ರಿಸರ್ವ್ ಬ್ಯಾಂಕಿನ ಕೆಲಸ ಅದನ್ನು ಜನರ ಕೈಗೆ ತಲುಪಿಸುವುದು. ಈಗ ಜಾರಿಯಲ್ಲಿರುವ 2011ರ ನಾಣ್ಯ ಕಾಯ್ದೆಯ ಪ್ರಕಾರ 1,000 ರೂಪಾಯಿವರೆಗಿನ ಮುಖಬೆಲೆಯ ನಾಣ್ಯ ತರಲು ಅವಕಾಶವಿದೆ.

ನಾಣ್ಯ ಬೇರೆ, ಪದಕ ಬೇರೆ. ರೈಲ್ವೆ ವಿಭಾಗಗಳು, ಸಂಘಗಳು, ಖಾಸಗಿ ಕಂಪನಿಗಳು ಎಂಜಿನ್ ಚಿತ್ರ ಒತ್ತಿದ ಬೆಳ್ಳಿ ಬಿಲ್ಲೆಗಳನ್ನು ಹೊರತಂದಿರುವುದುಂಟು. ನೋಡಲು ನಾಣ್ಯದಂತೆಯೇ ಇದ್ದರೂ ಅದರ ಮೇಲೆ ರೂಪಾಯಿಯ ಅಂಕಿ ಇಲ್ಲದಿದ್ದರೆ ಅದು ಪದಕ. ಕೊಳ್ಳುವಾಗ ಮೊದಲು ಹುಡುಕಬೇಕಾದದ್ದು ಈ ಮುಖಬೆಲೆಯನ್ನು.

ಆನೆ ಎಲ್ಲಿಂದ ಬಂತು

ಲೆಕ್ಕ ಹಿಡಿದಿರುವುದು 1853ರ ಏಪ್ರಿಲ್ 16ರಿಂದ. ಅಂದು ಮಧ್ಯಾಹ್ನ ಮುಂಬಯಿಯ ಬೋರಿ ಬಂದರಿನಿಂದ ಠಾಣೆಗೆ, 34 ಕಿ.ಮೀ. ದೂರಕ್ಕೆ, 14 ಬೋಗಿಗಳಲ್ಲಿ ಸುಮಾರು 400 ಅತಿಥಿಗಳನ್ನು ಕೂರಿಸಿಕೊಂಡು ರೈಲು ಹೊರಟಿತು. ಎಳೆದದ್ದು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಎಂಜಿನ್‌ಗಳು. ಇದಕ್ಕೂ ಮೊದಲು ಮದ್ರಾಸಿನ ರೆಡ್ ಹಿಲ್ಸ್‌ನಲ್ಲಿ 1837ರ ಹೊತ್ತಿಗೆ ಕಲ್ಲು ಸಾಗಿಸಲು, ರೂರ್ಕಿಯಲ್ಲಿ 1851ರಲ್ಲಿ ಕಾಲುವೆ ಕೆಲಸದ ಮಣ್ಣು ಸಾಗಿಸಲು ಹಳಿ ಹಾಕಿದ್ದರು. ನಾಣ್ಯದ ಮೇಲಿನ 150 ಎಂಬ ಅಂಕಿ ಪ್ರಯಾಣಿಕರ ರೈಲಿನ ಲೆಕ್ಕ. ಭಾರತದಲ್ಲಿ ಹಳಿ ಹಾಕಿದ ಮೊದಲ ದಿನದ್ದಲ್ಲ.

ನಮ್ಮ ಓದುಗರಿಗೆ ಹತ್ತಿರದ ಸಂಗತಿ ಮುಂದಿದೆ. 150ನೇ ವರ್ಷದ ಆಚರಣೆ ಶುರುವಾದದ್ದು 2002ರ ಏಪ್ರಿಲ್ 16ರಂದು. ಅದಕ್ಕಾಗಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ರೂಪಿಸಿದ ಭೋಲು ಎಂಬ ಆನೆ ಗಾರ್ಡ್ ಮೊದಲು ಜನರ ಮುಂದೆ ಬಂದದ್ದು ಬೆಂಗಳೂರಿನಲ್ಲಿ. ಅಂದು ಸಂಜೆ 6.25ರ ಕರ್ನಾಟಕ ಎಕ್ಸ್‌ಪ್ರೆಸ್ ಅನ್ನು ಬೆಂಗಳೂರು ಸಿಟಿ ನಿಲ್ದಾಣದ ಒಂದನೇ ಪ್ಲಾಟ್‌ಫಾರ್ಮಿನಿಂದ ಬೀಳ್ಕೊಟ್ಟದ್ದು ಚಿತ್ರದ ಆನೆಯಂತೆಯೇ ಹಸಿರು ದೀಪ ಬೀಸಿ. ಮರುವರ್ಷ ರೈಲ್ವೆ ಆ ಆನೆಯನ್ನು ಕಾಯಂ ಲಾಂಛನವಾಗಿ ಉಳಿಸಿಕೊಂಡಿತು, ಅದೇ ವರ್ಷ ಅದು ನಾಣ್ಯಕ್ಕೂ ಏರಿತು.

ಎರಡು ರೂಪಾಯಿ, ನೂರು ರೂಪಾಯಿ

2003ರಲ್ಲಿ ಬಂದದ್ದು ಒಂದಲ್ಲ, ಎರಡು ಮುಖಬೆಲೆ.

2 ರೂಪಾಯಿಯದು ಚಲಾವಣೆಯ ನಾಣ್ಯ. ನೂರಕ್ಕೆ 75 ಭಾಗ ತಾಮ್ರ, 25 ಭಾಗ ನಿಕ್ಕಲ್ ಬೆರೆತ ಲೋಹ, 6 ಗ್ರಾಂ ತೂಕ, 26 ಮಿ.ಮೀ. ಅಗಲ. ಬಸ್ಸಿನ ಚಿಲ್ಲರೆಯಾಗಿ, ತರಕಾರಿ ಗಾಡಿಯ ಬಾಕಿಯಾಗಿ ಕೈಯಿಂದ ಕೈಗೆ ಓಡಾಡಲೆಂದೇ ದೊಡ್ಡ ಸಂಖ್ಯೆಯಲ್ಲಿ ಅಚ್ಚು ಹಾಕಿದ್ದು. ಇಂದಿಗೂ ಅದು ಎರಡು ರೂಪಾಯಿಯೇ, ಅಂಗಡಿಯಲ್ಲಿ ಕೊಟ್ಟರೆ ತೆಗೆದುಕೊಳ್ಳಬೇಕು. ಸರ್ಕಾರ ಹಿಂತೆಗೆದುಕೊಳ್ಳದ ಯಾವ ನಾಣ್ಯವೂ ವಿನ್ಯಾಸ ಹಳೆಯದಾಯಿತೆಂಬ ಕಾರಣಕ್ಕೆ ಬೆಲೆ ಕಳೆದುಕೊಳ್ಳುವುದಿಲ್ಲ.

100 ರೂಪಾಯಿಯ ಕಥೆ ಬೇರೆ. ಅದು ಚಿಲ್ಲರೆಯಾಗಿ ಯಾರ ಕೈಗೂ ಬರಲಿಲ್ಲ. ಸಂಗ್ರಹಕಾರರಿಗೆಂದು ಅಂದವಾದ ಪೆಟ್ಟಿಗೆಯಲ್ಲಿಟ್ಟು, ಮುಖಬೆಲೆಗಿಂತ ಹೆಚ್ಚಿನ ಬೆಲೆಗೆ ಟಂಕಸಾಲೆಯೇ ಮಾರಿದ ನಾಣ್ಯ ಅದು. ತೂಕ 35 ಗ್ರಾಂ, ಅಗಲ 44 ಮಿ.ಮೀ., ಅಂಗೈಯಲ್ಲಿಟ್ಟರೆ ಭಾರ ಚೆನ್ನಾಗಿಯೇ ಗೊತ್ತಾಗುತ್ತದೆ. ಪೂರ್ತಿ ಬೆಳ್ಳಿಯದಲ್ಲ, ನಾಲ್ಕು ಲೋಹಗಳ ಬೆರಕೆ: ಬೆಳ್ಳಿ 50, ತಾಮ್ರ 40, ನಿಕ್ಕಲ್ 5, ಸತು 5 ಭಾಗ. ಅಂದರೆ ಒಂದು ನಾಣ್ಯದಲ್ಲಿರುವ ಬೆಳ್ಳಿ 17.5 ಗ್ರಾಂ. ಬೆಳ್ಳಿಯ ದರ ಏರಿದಾಗ ಈ ನಾಣ್ಯಕ್ಕೆ ಸಿಗುವ ಕನಿಷ್ಠ ಬೆಲೆಯೂ ಏರುತ್ತದೆ. ಹಾಗೆಂದು ಅಕ್ಕಸಾಲಿಗರ ಬಳಿ ಕರಗಿಸುವಂತಿಲ್ಲ. ನಾಣ್ಯ ಕರಗಿಸುವುದು, ನಾಶ ಮಾಡುವುದು ಕಾಯ್ದೆಯ ಪ್ರಕಾರ ಶಿಕ್ಷಾರ್ಹ.

ಸಂಗ್ರಹಕಾರರಿಗೆ ಮಾರುವ ನಾಣ್ಯಗಳಲ್ಲಿ ಎರಡು ದರ್ಜೆ ಇದೆ. ಒಂದು ಪ್ರೂಫ್, ಇನ್ನೊಂದು ಯುಎನ್‌ಸಿ ಅಥವಾ ಚಲಾವಣೆಗೆ ಬೀಳದ ನಾಣ್ಯ. ಇವೆರಡರ ವ್ಯತ್ಯಾಸ ಅರ್ಥವಾಗಬೇಕಾದರೆ ಟಂಕಸಾಲೆಯ ಒಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಬಿಲ್ಲೆಯಿಂದ ನಾಣ್ಯದವರೆಗೆ

ಲೋಹದ ಉದ್ದನೆಯ ಪಟ್ಟಿಯಿಂದ ದುಂಡನೆಯ ಅಥವಾ ಮೂಲೆಗಳಿರುವ ಬಿಲ್ಲೆ ಕತ್ತರಿಸುತ್ತಾರೆ, ಲಟ್ಟಿಸಿದ ಹಿಟ್ಟಿನಿಂದ ಮುಚ್ಚಳ ಒತ್ತಿ ಪೂರಿ ತೆಗೆದ ಹಾಗೆ. ಕತ್ತರಿಸಿದ ಬಿಲ್ಲೆ ಗಡುಸಾಗಿರುತ್ತದೆ. ಹಾಗೇ ಒತ್ತಿದರೆ ಚಿತ್ರ ಮೂಡದೆ ಅಚ್ಚೇ ಬಿರುಕು ಬಿಡಬಹುದು. ಅದಕ್ಕೇ ಕುಲುಮೆಯಲ್ಲಿ ಕಾಯಿಸಿ ಮೆದು ಮಾಡುತ್ತಾರೆ. ಆಮ್ಲದಲ್ಲಿ ತೊಳೆದು ಕಪ್ಪು ತೆಗೆದು ಒಣಗಿಸುತ್ತಾರೆ. ಸುತ್ತಲಿನ ಅಂಚನ್ನು ಸ್ವಲ್ಪ ಒತ್ತಿ ಎತ್ತರಿಸುತ್ತಾರೆ. ಮುಂದೆ ಒಂದರ ಮೇಲೊಂದು ನಾಣ್ಯ ಜೋಡಿಸಿದಾಗ ಚಿತ್ರ ಸವೆಯದಂತೆ ಕಾಯುವುದು ಈ ಎತ್ತರಿಸಿದ ಅಂಚೇ.

ಕೊನೆಗೆ ಒತ್ತುಯಂತ್ರ. ಮೇಲೊಂದು ಅಚ್ಚು, ಕೆಳಗೊಂದು ಅಚ್ಚು, ಸುತ್ತ ಉಕ್ಕಿನ ಬಳೆ. ಟನ್‌ಗಟ್ಟಲೆ ಒತ್ತಡಕ್ಕೆ ಲೋಹ ಹರಿದು ಅಚ್ಚಿನ ತಗ್ಗುಗಳನ್ನು ತುಂಬುತ್ತದೆ, ಹೊರಕ್ಕೆ ಹಬ್ಬದಂತೆ ಬಳೆ ತಡೆಯುತ್ತದೆ. ಬಳೆಯ ಒಳಮೈಯಲ್ಲಿ ಗೀರು ಕೊರೆದಿದ್ದರೆ ನಾಣ್ಯದ ಅಂಚಿಗೂ ಗೀರು ಬೀಳುತ್ತದೆ.

ಪ್ರೂಫ್ ನಾಣ್ಯಕ್ಕೆ ಅಚ್ಚಿನ ಸಮತಟ್ಟು ಭಾಗವನ್ನು ಕನ್ನಡಿಯಂತೆ ಉಜ್ಜಿ ಹೊಳಪು ಕೊಡುತ್ತಾರೆ, ಚಿತ್ರ ಮೂಡುವ ತಗ್ಗುಗಳನ್ನು ತರಿತರಿಯಾಗಿ ಬಿಡುತ್ತಾರೆ. ಬಿಲ್ಲೆಗೂ ಹೊಳಪು ಕೊಟ್ಟು, ಒಂದೊಂದನ್ನೇ ಇಟ್ಟು, ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಹಾಗಾಗಿ ಹಿನ್ನೆಲೆ ಕನ್ನಡಿಯಂತೆ, ಚಿತ್ರ ಹಿಮ ಬಿದ್ದಂತೆ ಮಸುಕು ಬಿಳುಪಾಗಿ ಕಾಣುತ್ತದೆ. ಯುಎನ್‌ಸಿ ಸಾಮಾನ್ಯ ಅಚ್ಚಿನಿಂದಲೇ ಬಂದದ್ದು, ಆದರೆ ಚೀಲದಲ್ಲಿ ತಾಗಾಡದಂತೆ ಎತ್ತಿಟ್ಟಿದ್ದು. ಪ್ರೂಫ್ ಎಂದು ಹೇಳಿ ಮಾರುವ ನಾಣ್ಯವನ್ನು ದೀಪದ ಕೆಳಗೆ ಹಿಡಿದು ಸ್ವಲ್ಪ ಓರೆ ಮಾಡಿ ನೋಡಿ. ಬರೀ ಪಾಲಿಶ್ ಹಾಕಿದ ನಾಣ್ಯವಾದರೆ ಆನೆಯ ಮೈಯೂ ಹಿನ್ನೆಲೆಯಷ್ಟೇ ಹೊಳೆಯುತ್ತದೆ. ಭೂತಗನ್ನಡಿಯಲ್ಲಿ ಒಂದೇ ದಿಕ್ಕಿಗೆ ಹೋಗುವ ಕೂದಲೆಳೆಯಂಥ ಗೀರುಗಳೂ ಕಾಣುತ್ತವೆ.

ಈ ಹಂತಗಳಲ್ಲಿ ಎಲ್ಲಿ ಎಡವಿದರೂ ನಾಣ್ಯದ ಮೇಲೆ ಗುರುತು ಉಳಿಯುತ್ತದೆ. ಪಟ್ಟಿ ಸರಿಯಾಗಿ ಮುಂದೆ ಸರಿಯದೆ ಹಿಂದಿನ ತೂತಿನ ಮೇಲೆಯೇ ಕತ್ತರಿಸಿದರೆ ಕಚ್ಚಿ ತಿಂದ ದೋಸೆಯಂತೆ ಅಂಚಿನಲ್ಲಿ ಅರ್ಧಚಂದ್ರದಷ್ಟು ತುಂಡು ಇರುವುದಿಲ್ಲ. ಬಿಲ್ಲೆ ಬಳೆಯೊಳಗೆ ಸರಿಯಾಗಿ ಕೂರದಿದ್ದರೆ ಚಿತ್ರ ಒಂದು ಬದಿಗೆ ಜಾರುತ್ತದೆ. ಅಚ್ಚು ಬಿರುಕು ಬಿಟ್ಟಿದ್ದರೆ ನಾಣ್ಯದ ಮೇಲೆ ಉಬ್ಬು ಗೆರೆ ಬರುತ್ತದೆ. ಉಬ್ಬು ಎನ್ನುವುದು ಇಲ್ಲಿ ಮುಖ್ಯ: ತಗ್ಗಾದ ಗೆರೆ ಆಮೇಲೆ ಯಾರೋ ಗೀರಿದ್ದು. ಒಂದು ಅಚ್ಚು ತಿರುಗಿಕೊಂಡಿದ್ದರೆ ಮುಂದಿನ ಚಿತ್ರಕ್ಕೂ ಹಿಂದಿನ ಚಿತ್ರಕ್ಕೂ ದಿಕ್ಕು ತಪ್ಪುತ್ತದೆ. ಅದೇ ವರ್ಷದ ಇನ್ನೊಂದು ನಾಣ್ಯದ ಪಕ್ಕದಲ್ಲಿಟ್ಟು ಒಂದೇ ಬಗೆಯಲ್ಲಿ ಮಗುಚಿದರೆ ಇದು ತಿಳಿಯುತ್ತದೆ. ಇಂಥ ನಿಜವಾದ ಟಂಕಸಾಲೆಯ ದೋಷಕ್ಕೆ ಸಂಗ್ರಹಕಾರರು ಹೆಚ್ಚು ಕೊಡುತ್ತಾರೆ. ಸುತ್ತಿಗೆ ಪೆಟ್ಟು, ರೈಲು ಹಳಿಯ ಮೇಲಿಟ್ಟು ಚಪ್ಪಟೆಯಾದದ್ದು, ಆಮ್ಲದಲ್ಲಿ ಸವೆದದ್ದು, ಇವು ದೋಷವಲ್ಲ, ಹಾನಿ. (ಹಳಿಯ ಮೇಲೆ ನಾಣ್ಯ ಇಡುವುದು ಪ್ರಾಣಕ್ಕೂ ಅಪಾಯ. ಮಕ್ಕಳಿಗೆ ಇದನ್ನು ಸ್ಪಷ್ಟವಾಗಿ ಹೇಳಬೇಕು.)

ಯಾವ ಊರಿನ ಟಂಕಸಾಲೆ

ಭಾರತದಲ್ಲಿ ನಾಲ್ಕು ಕಡೆ ಟಂಕಸಾಲೆ ಇದೆ: ಮುಂಬಯಿ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ. ಸಾಮಾನ್ಯವಾಗಿ ಇಸವಿಯ ಕೆಳಗೆ ಕಾಣುವ ಚಿಕ್ಕ ಗುರುತಿನಿಂದ ನಾಣ್ಯದ ತವರು ಪತ್ತೆಯಾಗುತ್ತದೆ. ವಜ್ರಾಕಾರವಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡನೆಯ ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಮುಂಬಯಿಯ ಪ್ರೂಫ್ ನಾಣ್ಯಗಳಲ್ಲಿ ಇಂಗ್ಲಿಷಿನ ಎಮ್ ಅಕ್ಷರ ಇರುತ್ತದೆ. ಸವೆದ ನಾಣ್ಯದಲ್ಲಿ ವಜ್ರ ಚುಕ್ಕಿಯಂತೆ ಕಂಡು ಮೋಸ ಮಾಡುವುದುಂಟು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಮೊಬೈಲ್ ಕ್ಯಾಮೆರಾದ ಝೂಮ್ ಅಂಚುಗಳನ್ನು ತಾನೇ ನುಣುಪು ಮಾಡುವುದರಿಂದ ಅದನ್ನು ಪೂರ್ತಿ ನಂಬಬೇಡಿ.

ಬೇರೆ ದೇಶಗಳ ರೈಲು ನಾಣ್ಯ

ರೈಲನ್ನು ನಾಣ್ಯದಲ್ಲಿ ನೆನೆಯುವ ಅಭ್ಯಾಸ ರೈಲಿನಷ್ಟೇ ಹಳೆಯದು. ಜರ್ಮನಿಯಲ್ಲಿ ನ್ಯೂರೆಂಬರ್ಗ್‌ನಿಂದ ಫ್ಯೂರ್ತ್‌ಗೆ ಮೊದಲ ಉಗಿಬಂಡಿ ಓಡಿದ್ದು 1835ರ ಡಿಸೆಂಬರ್ 7ರಂದು. ಬವೇರಿಯಾದ ಅರಸು ಅದೇ 1835ರ ಇಸವಿ ಹಾಕಿದ ಬೆಳ್ಳಿಯ ಟಾಲರ್ ನಾಣ್ಯ ಹೊರಡಿಸಿತು. ಬ್ರಿಟನ್ 2004ರಲ್ಲಿ ರಿಚರ್ಡ್ ಟ್ರೆವಿಥಿಕ್‌ನ 1804ರ ಉಗಿ ಎಂಜಿನ್‌ಗೆ 2 ಪೌಂಡ್ ನಾಣ್ಯ ತಂದಿತು. 2013ರಲ್ಲಿ ಲಂಡನ್ನಿನ ಸುರಂಗ ರೈಲಿಗೆ 150 ತುಂಬಿದಾಗ ಎರಡು ವಿನ್ಯಾಸ ಬಂದವು. ಅವುಗಳಲ್ಲಿ ಒಂದರ ಅಂಚಿನಲ್ಲಿ, ಅಲ್ಲಿನ ನಿಲ್ದಾಣಗಳಲ್ಲಿ ದಿನವೂ ಕೇಳಿಸುವ 'ಮೈಂಡ್ ದ ಗ್ಯಾಪ್' ಎಂಬ ಎಚ್ಚರಿಕೆಯನ್ನೇ ಕೊರೆದಿದ್ದಾರೆ.

ತಾಂತ್ರಿಕವಾಗಿ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಆಸ್ಟ್ರಿಯದ್ದು. ಆಲ್ಪ್ಸ್ ಹತ್ತುವ ಸೆಮರಿಂಗ್ ರೈಲು ಮಾರ್ಗ 1854ರಲ್ಲಿ ತೆರೆಯಿತು; ಅದರ 150ನೇ ವರ್ಷಕ್ಕೆ 2004ರಲ್ಲಿ 25 ಯೂರೋ ನಾಣ್ಯ ಬಂತು. ಹೊರಗಿನ ಉಂಗುರ ಬೆಳ್ಳಿಯದು, ನಡುವಿನ ಬಿಲ್ಲೆ ನಿಯೋಬಿಯಂ ಲೋಹದ್ದು, ಅದೂ ಹಸಿರು ಬಣ್ಣದ್ದು. ಅದಕ್ಕೆ ಬಣ್ಣ ಬಳಿದಿಲ್ಲ. ವಿದ್ಯುತ್ ಹಾಯಿಸಿ ಲೋಹದ ಮೇಲೆ ಆಕ್ಸೈಡಿನ ಅತಿ ತೆಳ್ಳನೆಯ ಪದರ ಬೆಳೆಸುತ್ತಾರೆ. ಮಳೆ ಬಿದ್ದ ರಸ್ತೆಯಲ್ಲಿ ಎಣ್ಣೆ ಹನಿ ಹರಡಿದಾಗ ಕಾಣುವ ಬಣ್ಣದ ಹಾಗೆಯೇ ಇಲ್ಲೂ ಬೆಳಕೇ ಬಣ್ಣ ತೋರಿಸುತ್ತದೆ. ಪದರದ ದಪ್ಪ ಬದಲಾದರೆ ಬಣ್ಣವೂ ಬದಲು. ಹಾಗಾಗಿ ಇಂಥ ನಾಣ್ಯವನ್ನು ಉಜ್ಜಿದರೆ ಆ ಬಣ್ಣ ಮತ್ತೆ ಬರುವುದಿಲ್ಲ.

ಅಸಲಿಯೇ ಎಂದು ಮನೆಯಲ್ಲೇ ನೋಡುವುದು

ಮೊದಲು ಅಯಸ್ಕಾಂತ. ಆನೆಯ ಎರಡು ರೂಪಾಯಿಯಾಗಲಿ, 100 ರೂಪಾಯಿಯಾಗಲಿ ಅಂಟಬಾರದು. ಆಮೇಲಿನ ವರ್ಷಗಳ ಉಕ್ಕಿನ ಎರಡು ರೂಪಾಯಿ ಅಂಟುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ, ಆ ನಾಣ್ಯಗಳ ಲೋಹವೇ ಬೇರೆ.

ಎರಡನೆಯದು ತೂಕ. 0.01 ಗ್ರಾಂವರೆಗೆ ತೋರಿಸುವ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಬೇಕು, ಅಡುಗೆಮನೆಯ ತಕ್ಕಡಿ ಸಾಲದು. ಓಡಾಡಿ ಸವೆದ ಎರಡು ರೂಪಾಯಿ 6 ಗ್ರಾಂಗಿಂತ ಸ್ವಲ್ಪ ಕಡಿಮೆ ತೂಗಿದರೆ ತೊಂದರೆಯಿಲ್ಲ. ಪೆಟ್ಟಿಗೆಯಲ್ಲೇ ಇದ್ದ 100 ರೂಪಾಯಿ ಒಂದೆರಡು ಗ್ರಾಂ ಕಡಿಮೆ ತೂಗಿದರೆ ಅನುಮಾನಿಸಬೇಕು.

ತೂಕ ಸರಿಯಿದ್ದರೂ ಅನುಮಾನ ಉಳಿದರೆ ಸಾಂದ್ರತೆ ನೋಡಬಹುದು. ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳ್ಳನೆಯ ದಾರ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. 35 ಗ್ರಾಂ ನಾಣ್ಯಕ್ಕೆ ಅದು ಸುಮಾರು 3.7 ಗ್ರಾಂ ಬರಬೇಕು. 35ನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಸುಮಾರು 9.5. ಬೆಳ್ಳಿ ಲೇಪಿಸಿದ ಹಿತ್ತಾಳೆಯಾದರೆ 4.1ರ ಆಸುಪಾಸು ತೋರಿಸುತ್ತದೆ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಅಂಕಿ ಹೆಚ್ಚಾಗಿ ಬಂದು ಅಸಲಿಯೂ ನಕಲಿಯಂತೆ ಕಾಣುತ್ತದೆ, ಆದ್ದರಿಂದ ದಾರವನ್ನು ಮೆಲ್ಲಗೆ ಅಲುಗಾಡಿಸಿ ಗುಳ್ಳೆ ಬಿಡಿಸಿ. ಸೀಲ್ ಇರುವ ಪ್ರೂಫ್ ನಾಣ್ಯಕ್ಕೆ ಈ ಪರೀಕ್ಷೆ ಬೇಡವೇ ಬೇಡ. ನೀರಿನ ಕಲೆಯೊಂದೇ ಸಾಕು, ಬೆಲೆ ಇಳಿಯಲು.

ತೊಳೆಯಬೇಡಿ

ಸಂಗ್ರಹ ಶುರು ಮಾಡಿದವರು ಮಾಡುವ ಅತಿ ದೊಡ್ಡ ತಪ್ಪು ಇದೇ. ಹುಣಸೆಹಣ್ಣು, ನಿಂಬೆ, ವಿಭೂತಿ, ಹಲ್ಲುಪುಡಿ, ಪಾತ್ರೆ ಉಜ್ಜುವ ನಾರು, ಇವೆಲ್ಲ ದೇವರ ದೀಪಕ್ಕೆ ಸರಿ, ನಾಣ್ಯಕ್ಕೆ ಅಲ್ಲ. ಹುಳಿ ಮೇಲ್ಪದರದ ಲೋಹವನ್ನೇ ಕರಗಿಸುತ್ತದೆ, ಪುಡಿ ಗೀರುತ್ತದೆ. ಟಂಕಸಾಲೆಯ ಹೊಳಪು ಬರುವುದು ಒತ್ತಡಕ್ಕೆ ಲೋಹ ಹರಿದಾಗ ಉಳಿದ ಸೂಕ್ಷ್ಮ ಗೆರೆಗಳಿಂದ. ಅವು ಒಮ್ಮೆ ಅಳಿಸಿಹೋದರೆ ಮತ್ತೆ ತರುವ ದಾರಿಯಿಲ್ಲ, ವ್ಯಾಪಾರಿಯ ಕಣ್ಣಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಬೆರಳ ಜಿಡ್ಡು, ಅಂಟು, ಪ್ಲಾಸ್ಟಿಕ್ಕಿನ ಲೋಳೆ ಇದ್ದರೆ ಶುದ್ಧ ಅಸಿಟೋನ್ ಬಳಸಬಹುದು. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಸುಗಂಧ ಬೆರೆತಿರುತ್ತವೆ. ಗಾಜಿನ ಬಟ್ಟಲಲ್ಲಿ ಕೆಲವು ನಿಮಿಷ ನೆನೆಸಿ, ಹೊಸ ಅಸಿಟೋನ್‌ನಲ್ಲಿ ಮತ್ತೊಮ್ಮೆ ಅದ್ದಿ, ಉಜ್ಜದೆ ಗಾಳಿಗೆ ಒಣಗಲು ಬಿಡಿ. ಕಿಟಕಿ ತೆರೆದಿರಲಿ, ಒಲೆ, ದೀಪ ಹತ್ತಿರ ಇರಬಾರದು, ಅಸಿಟೋನ್ ಥಟ್ಟನೆ ಹೊತ್ತಿಕೊಳ್ಳುತ್ತದೆ. ಬಣ್ಣ ಮುದ್ರಿಸಿದ ನಾಣ್ಯಕ್ಕೆ ಈ ಉಪಾಯ ಸಲ್ಲದು.

ಇಡುವ ಜಾಗವೂ ಅಷ್ಟೇ ಮುಖ್ಯ. ಮೆತ್ತನೆಯ, ವಾಸನೆ ಬರುವ ಅಗ್ಗದ ಆಲ್ಬಮ್ ಹಾಳೆಗಳು ಪಿವಿಸಿಯವು. ವರ್ಷಗಳು ಕಳೆದಂತೆ ಅದರಿಂದ ಜಿಡ್ಡು ಮತ್ತು ಆಮ್ಲ ಹೊರಬಂದು ತಾಮ್ರವಿರುವ ನಾಣ್ಯಕ್ಕೆ ಹಸಿರು ಲೋಳೆ ಹಿಡಿಯುತ್ತದೆ. ಪಾಲಿಯೆಸ್ಟರ್ ಕಿಂಡಿ ಇರುವ ರಟ್ಟಿನ ಚೌಕ ಅಥವಾ ಅಕ್ರಿಲಿಕ್ ಡಬ್ಬಿ ಒಳ್ಳೆಯದು. ರಟ್ಟಿಗೆ ಪಿನ್ ಹೊಡೆದ ಮೇಲೆ ಪಿನ್ನಿನ ಬೆನ್ನನ್ನು ಇಕ್ಕಳದಿಂದ ಚಪ್ಪಟೆ ಮಾಡಿ, ಇಲ್ಲವಾದರೆ ಪಕ್ಕದ ನಾಣ್ಯವನ್ನು ಅದು ಗೀರುತ್ತದೆ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಹೊಸ ಪ್ಲೈವುಡ್ಡಿನ ಡ್ರಾಯರ್ ದೂರವಿರಲಿ. ಮಂಗಳೂರು, ಕಾರವಾರದಂಥ ಕಡೆ ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಬೇಕೇ ಬೇಕು, ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಕಾಯಿಸಿ ಮತ್ತೆ ಬಳಸಿ. ನಾಣ್ಯವನ್ನು ಎತ್ತುವಾಗ ಎರಡು ಬೆರಳಲ್ಲಿ ಅಂಚು ಮಾತ್ರ ಹಿಡಿಯಿರಿ. ಪ್ರೂಫ್ ನಾಣ್ಯದ ಮೇಲೆ ಬಾಗಿ ಮಾತಾಡಬೇಡಿ. ಎಂಜಲ ಸಣ್ಣ ಹನಿಯೂ ಕೆಲವು ತಿಂಗಳಲ್ಲಿ ಕಂದು ಚುಕ್ಕೆಯಾಗುತ್ತದೆ.

ಬೆಲೆ ಮತ್ತು ಮೋಸ

ಬೆಲೆ ನಿಲ್ಲುವುದು ಎಷ್ಟು ನಾಣ್ಯ ಉಳಿದಿವೆ, ಎಂಥ ಸ್ಥಿತಿಯಲ್ಲಿವೆ, ಎಷ್ಟು ಜನಕ್ಕೆ ಬೇಕಾಗಿದೆ ಎಂಬುದರ ಮೇಲೆ. ವಯಸ್ಸೊಂದೇ ಬೆಲೆ ತರುವುದಿಲ್ಲ. ಕೈಯಿಂದ ಕೈಗೆ ಓಡಾಡಿ ಸವೆದ ಆನೆಯ ಎರಡು ರೂಪಾಯಿ ಸುಲಭವಾಗಿ ಸಿಗುವ ನಾಣ್ಯ, ಅದರಿಂದ ಲಕ್ಷ ಬರುವುದಿಲ್ಲ. ಪೆಟ್ಟಿಗೆ, ವಿವರಪತ್ರ ಸಮೇತ ಇರುವ ಪ್ರೂಫ್ ಸೆಟ್‌ಗೆ ಸಂಗ್ರಹಕಾರರ ನಡುವೆ ಒಳ್ಳೆಯ ಬೇಡಿಕೆ ಇದೆ. ಪೆಟ್ಟಿಗೆ ಕಳೆದರೆ ಬೆಲೆ ಕಡಿಮೆ. ಆನ್‌ಲೈನ್ ಜಾಹೀರಾತಿನಲ್ಲಿ ಯಾರೋ ಬರೆದ ಅಂಕಿ ಬೆಲೆಯಲ್ಲ, ಅದು ಅವರ ಆಸೆ. ಹರಾಜಿನಲ್ಲಿ ನಿಜವಾಗಿ ಮಾರಾಟವಾದ ದರ ನೋಡಿ. ಇಬ್ಬರು ವ್ಯಾಪಾರಿಗಳನ್ನು, ನೀವು ಎಷ್ಟಕ್ಕೆ ಮಾರುತ್ತೀರಿ, ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಎರಡೂ ಕೇಳಿ. ಹೊಸ ಸ್ಮರಣಾರ್ಥ ನಾಣ್ಯ ಬೇಕಿದ್ದರೆ ಟಂಕಸಾಲೆಗಳನ್ನು ನಡೆಸುವ ಸರ್ಕಾರಿ ನಿಗಮದ ಜಾಲತಾಣದಲ್ಲಿ ಬುಕಿಂಗ್ ತೆರೆದಾಗ ನೇರವಾಗಿ ಕೊಳ್ಳುವುದೇ ಸುರಕ್ಷಿತ. ಹಣ ಕಟ್ಟಿದ ಮೇಲೆ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು.

ಮೋಸದ ದಾರಿ ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ನಾಣ್ಯದ ಫೋಟೊ ಕಳಿಸಿ ಎನ್ನುತ್ತಾರೆ, ಕಳಿಸಿದ ಕೂಡಲೇ ಲಕ್ಷಗಟ್ಟಲೆ ಬೆಲೆ ಒಪ್ಪುತ್ತಾರೆ. ಆಮೇಲೆ ನೋಂದಣಿ ಶುಲ್ಕ, ಜಿಎಸ್‌ಟಿ, ರಿಸರ್ವ್ ಬ್ಯಾಂಕಿನ ಪ್ರಮಾಣಪತ್ರ ಎಂದು ಒಂದೊಂದೇ ಹೆಸರು ಹೇಳಿ ನಿಮ್ಮಿಂದಲೇ ಹಣ ಕೇಳುತ್ತಾರೆ. ನಾಣ್ಯ ಕೊಳ್ಳುವವರು ಮಾರುವವರ ಬಳಿ ಹಣ ಕೇಳುವ ವ್ಯವಹಾರ ಎಲ್ಲೂ ಇಲ್ಲ. ಇಂಥ ವ್ಯವಹಾರಕ್ಕೆ ತಾನು ಕಮಿಷನ್ ಪಡೆಯುವುದಿಲ್ಲ, ತನ್ನ ಪರವಾಗಿ ಶುಲ್ಕ ವಸೂಲಿಗೆ ಯಾರಿಗೂ ಅನುಮತಿ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಸ್ಪಷ್ಟಪಡಿಸಿದೆ. ಹಣ ಈಗಾಗಲೇ ಕಳಿಸಿಬಿಟ್ಟಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ ಆ ಕ್ಷಣವೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು. ಪಾವತಿಯ ವಹಿವಾಟು ಸಂಖ್ಯೆ, ಅವರ ಫೋನ್ ನಂಬರ್, ಸಂದೇಶಗಳ ಸ್ಕ್ರೀನ್‌ಶಾಟ್ ಅಳಿಸದೆ ಇಟ್ಟುಕೊಂಡಿರಿ, ದೂರು ಕೊಡುವಾಗ ಕೇಳುವುದು ಇವನ್ನೇ.